ಕಲ್ಯಾಣಕ್ಕೆ ಸಾಕ್ಷಿ ಹೇಳುವವರು ಯಾರು?

ತಂಜಾವೂರಿನ ಕಲಾ ಸಂಗ್ರಹಾಲಯದಲ್ಲಿ ಕರಿಕಲ್ಲಿನ ದ್ವಾರಪಾಲಕನ ಮೂರ್ತಿಯೊಂದಿದೆ. ಸುತ್ತಲಿನ ಚೋಳ ಶಿಲ್ಪಗಳ ನಡುವೆ ಅವನು ಪರಸ್ಥಳದವನೆಂದು ನೋಡಿದೊಡನೆ ತಿಳಿಯುತ್ತದೆ. ಕಲ್ಲೂ ಬೇರೆ, ಕೆತ್ತಿದ ಕೈಯೂ ಬೇರೆ. ಮೂರ್ತಿಯ ಮೇಲೆ ತಮಿಳಿನಲ್ಲಿ ಕೊರೆದ ಚಿಕ್ಕದೊಂದು ಬರಹವಿದೆ. ವಿಜಯರಾಜೇಂದ್ರದೇವನು ಕಲ್ಯಾಣಪುರವನ್ನು ಸುಟ್ಟು ಹೊತ್ತು ತಂದ ದ್ವಾರಪಾಲಕ ಇವನು ಎಂಬುದು ಅದರ ತಾತ್ಪರ್ಯ. ವಿಜಯರಾಜೇಂದ್ರ ಎಂಬುದು ಚೋಳ ರಾಜಾಧಿರಾಜನ ಬಿರುದು. ಕಲ್ಯಾಣದಲ್ಲೇ ವೀರಾಭಿಷೇಕ ಮಾಡಿಸಿಕೊಂಡು ಆ ಹೆಸರು ಧರಿಸಿದೆನೆಂದು ಅವನ ಶಾಸನಗಳು ಹೇಳಿಕೊಳ್ಳುತ್ತವೆ. ಕಾಲ 1045ರ ಆಸುಪಾಸು. ಸುಟ್ಟ ಊರು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕಲ್ಯಾಣವೆಂಬ ಮಹಾನಗರಿ ಇದ್ದದ್ದು ನಿಜವೋ, ಕವಿಗಳೂ ಪುರಾಣಿಕರೂ ಕಟ್ಟಿದ್ದೋ ಎಂಬ ಪ್ರಶ್ನೆ ಬಂದಾಗ ಮೊದಲು ಕರೆಯಬೇಕಾದ ಸಾಕ್ಷಿ ಈ ಕಲ್ಲಿನ ಆಳು. ಹೊಗಳಬೇಕಾದ ಹಂಗಿಲ್ಲದ ಶತ್ರು ಹೊತ್ತೊಯ್ದ ಸಾಕ್ಷಿಯಾದ್ದರಿಂದ ಅವನ ಮಾತಿಗೆ ತೂಕ ಹೆಚ್ಚು. ಕದ್ದೊಯ್ಯಲು ಯೋಗ್ಯವಾದ ಬಾಗಿಲು, ಬಾಗಿಲಿಗೆ ತಕ್ಕ ಗುಡಿ, ಸುಟ್ಟೆನೆಂದು ಬೀಗುವಷ್ಟು ದೊಡ್ಡ ಊರು, ಇಷ್ಟು ಹನ್ನೊಂದನೆಯ ಶತಮಾನದ ನಡುವಿನಲ್ಲಿ ಅಲ್ಲಿತ್ತು.

ಕಲ್ಯಾಣದ ವಿಷಯದಲ್ಲಿ ಗಟ್ಟಿ ಸಾಕ್ಷಿಗಳೆಲ್ಲ ಹೀಗೆ ಊರಿನ ಹೊರಗೇ ಸಿಗುತ್ತವೆ. ತಂಜಾವೂರಿನ ಮೂರ್ತಿ, ಕಾಶ್ಮೀರದ ಕವಿ, ಬೆಳಗಾವಿ ಜಿಲ್ಲೆಯ ಒಂದು ಶಾಸನ, ಹಾವೇರಿ ಜಿಲ್ಲೆಯ ಇನ್ನೊಂದು. ಊರೊಳಗೆ ಪ್ರವಾಸಿಗೆ ತೋರಿಸುವ ಕೋಟೆಯಾದರೋ ಇಂದು ಕಾಣುವ ರೂಪದಲ್ಲಿ ಬಹುಪಾಲು ಸುಲ್ತಾನರ ಕಾಲದ್ದು. ಈ ವಿಚಿತ್ರ ಸ್ಥಿತಿಯಿಂದ ಎರಡು ಬಗೆಯ ಅವಸರದ ತೀರ್ಮಾನ ಹುಟ್ಟಿದೆ. ಪುರಾಣ ಹೇಳಿದ್ದೆಲ್ಲ ಅಕ್ಷರಶಃ ನಡೆದದ್ದೆಂದು ಕೆಲವರು, ಎಲ್ಲವೂ ನಂತರದವರ ಕಟ್ಟುಕತೆಯೆಂದು ಇನ್ನು ಕೆಲವರು. ನನಗೆ ಕಾಣುವುದು ಬೇರೆ. ಕಲ್ಯಾಣದ ದಂತಕತೆ ಶರಣರ ನಂತರ ಹುಟ್ಟಿದ್ದಲ್ಲ. ಬಸವಣ್ಣ ಹುಟ್ಟುವ ಮೊದಲೇ ಅದನ್ನು ಚಾಲುಕ್ಯರ ಆಸ್ಥಾನ ಕಟ್ಟಿ ಮುಗಿಸಿತ್ತು. ಶರಣಕವಿಗಳು ಆ ಸಿದ್ಧ ನಗರಿಯನ್ನೇ ತೆಗೆದುಕೊಂಡು ಅದರ ಸಿಂಹಾಸನದ ಮೇಲೆ ಬೇರೆಯವರನ್ನು ಕೂರಿಸಿದರು. ಯಾವ ಪದರ ಯಾರು ಹಾಕಿದ್ದು ಎಂದು ಬಿಡಿಸಿ ನೋಡಿದರೆ ಇತಿಹಾಸಕ್ಕೆ ಉಳಿಯುವುದು ಕಡಿಮೆಯೇನಲ್ಲ.

ಆಸ್ಥಾನದ ಪದರವನ್ನೇ ನೋಡೋಣ. ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ, ರಾಜಧಾನಿಯನ್ನು ಕಲ್ಯಾಣಕ್ಕೆ ತಂದವನು ಒಂದನೆಯ ಸೋಮೇಶ್ವರ, ಆಹವಮಲ್ಲ (1042–1068). ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ತನ್ನ ಹೆಸರಿನಲ್ಲೇ ಹೊಸ ಶಕೆ ಶುರುಮಾಡಿದ. ಅವನ ಆಶ್ರಯಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಕಲ್ಯಾಣವನ್ನು ಆಹವಮಲ್ಲ ನಿರ್ಮಿಸಿದ, ಲೋಕದ ಊರುಗಳಿಗೆಲ್ಲ ಮಿಗಿಲಾದ ನಗರಿ ಎಂದು ವರ್ಣಿಸುತ್ತಾನೆ. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನೂ ಗ್ರಂಥದ ಕೊನೆಗೆ ಇದೇ ಧಾಟಿ ಹಿಡಿಯುತ್ತಾನೆ: ಕಲ್ಯಾಣದಂಥ ಊರು ಹಿಂದಿರಲಿಲ್ಲ, ಮುಂದಿರುವುದಿಲ್ಲ, ವಿಕ್ರಮನಂಥ ರಾಜನಿಲ್ಲ, ಅದೇ ಉಸಿರಿನಲ್ಲಿ, ತನ್ನಂಥ ಪಂಡಿತನೂ ಇಲ್ಲ. ಮುಂದೆ ಬ್ರಿಟಿಷರ ನ್ಯಾಯಾಲಯಗಳಲ್ಲಿ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾದ ಗ್ರಂಥದ ಕರ್ತೃ ಇವನು. ಒಂದೊಂದು ಪದವನ್ನು ಜರಡಿ ಹಿಡಿಯುವ ಶಾಸ್ತ್ರಕಾರನೇ ಊರಿನ ಮಾತು ಬಂದಾಗ ಹೀಗೆ ಲಗಾಮು ಬಿಟ್ಟನೆಂದರೆ, ಕಲ್ಯಾಣವನ್ನು ಅನುಪಮವೆಂದು ಹೊಗಳುವುದು ಆಗಲೇ ಆಸ್ಥಾನದ ರೂಢಿಯಾಗಿತ್ತು ಎಂದೇ ತಿಳಿಯಬೇಕು. ಬಿಲ್ಹಣನ ಮಾತಿನಲ್ಲೂ ಒಂದು ಜಾಣ್ಮೆಯಿದೆ. ಚೋಳರು ಸುಟ್ಟ ಊರನ್ನು ಮತ್ತೆ ಕಟ್ಟಿದ ಎನ್ನುವ ಬದಲು ಕಟ್ಟಿದ ಎಂದಷ್ಟೇ ಅವನು ಹೇಳುತ್ತಾನೆ. ಬೆಂಕಿಯ ಸುದ್ದಿಗೆ ನಾವು ಚೋಳರ ಕಡೆಗೇ ಹೋಗಬೇಕು.

ಈ ಹೊಗಳಿಕೆ ಕಲ್ಲಾಗಿ ನಿಂತದ್ದನ್ನು ನೋಡಬೇಕಾದರೆ ಹುಮನಾಬಾದ ತಾಲೂಕಿನ ಜಲಸಂಗ್ವಿಗೆ ಹೋಗಬೇಕು. ಹುಮನಾಬಾದಕ್ಕೆ ಹಿಂದೆ ಜಯಸಿಂಹಪುರವೆಂಬ ಹೆಸರಿತ್ತೆಂದು ಸ್ಥಳೀಯರು ಹೇಳುತ್ತಾರೆ. ಅದು ಹೇಳಿಕೆ ಮಾತ್ರ. ಆದರೆ ಜಲಸಂಗ್ವಿಯ ಕಲ್ಮೇಶ್ವರ ಗುಡಿಯ ಸಾಕ್ಷ್ಯ ಕಣ್ಣಿಗೆ ಕಾಣುವಂಥದ್ದು. ಹೊರಗೋಡೆಯ ಸುತ್ತ ಮದನಿಕೆಯರ ಸಾಲು. ಅವರಲ್ಲೊಬ್ಬಳು ನೋಡುವವರಿಗೆ ಬೆನ್ನು ಕೊಟ್ಟು, ಸೊಂಟ ಬಾಗಿಸಿ, ಕೈಯಲ್ಲಿ ಲೇಖನಿ ಹಿಡಿದು ಎದುರಿನ ಹಲಗೆಯ ಮೇಲೆ ಬರೆಯುತ್ತಿದ್ದಾಳೆ. ಬರೆದದ್ದು ಸಂಸ್ಕೃತ, ಅಕ್ಷರ ಕನ್ನಡ; ಸಪ್ತದ್ವೀಪಗಳ ಭೂಮಿಯನ್ನು ಚಾಲುಕ್ಯ ವಿಕ್ರಮಾದಿತ್ಯ ತನ್ನದಾಗಿಸಿಕೊಳ್ಳುತ್ತಾನೆ ಎಂಬುದು ಭಾವ. ಶಾಸನವನ್ನು ಮಾಮೂಲಿನಂತೆ ಕಂಬಕ್ಕೋ ಬಂಡೆಗೋ ಕೊರೆಸುವುದು ಬಿಟ್ಟು, ಬರೆಯುವ ಹೆಣ್ಣನ್ನೇ ಕಡೆದು ಅವಳ ಕೈಯಲ್ಲಿ ರಾಜನ ಕೀರ್ತಿಯನ್ನು ಬರೆಸಿದ ಶಿಲ್ಪಿಗೆ ತಾನು ಮಾಡುತ್ತಿರುವುದೇನೆಂದು ಚೆನ್ನಾಗಿ ಗೊತ್ತಿತ್ತು. ಆ ಆಸ್ಥಾನಕ್ಕೆ ಸಾಮ್ರಾಜ್ಯದಷ್ಟೇ ಅದರ ಬರಹವೂ ಪ್ರದರ್ಶನದ ವಸ್ತು. ರಾಜಧಾನಿಯಿಂದ ಒಂದು ದಿನದ ಹಾದಿಯ ಹಳ್ಳಿಯಲ್ಲೇ ಇಷ್ಟು ಸೊಗಸಿದ್ದರೆ ರಾಜಧಾನಿಯಲ್ಲಿ ಎಷ್ಟಿರಬೇಡ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆಕ್ಷೇಪ ಏಳುವುದೂ ಇಲ್ಲಿಯೇ. ಅಷ್ಟು ದೊಡ್ಡ ನಗರಿಯಾಗಿದ್ದರೆ ಅವಶೇಷಗಳೆಲ್ಲಿ? ಹಂಪಿಯಲ್ಲಿ ಮೈಲುಗಟ್ಟಲೆ ಹಾಳು ಬಿದ್ದ ಬೀದಿಗಳಿವೆ. ಬಸವಕಲ್ಯಾಣದಲ್ಲಿ ನಾರಾಯಣಪುರ, ಉಮಾಪುರಗಳ ಗುಡಿಗಳನ್ನೂ ಕೋಟೆಯೊಳಗಿನ ಬಿಡಿ ಮೂರ್ತಿಗಳನ್ನೂ ಬಿಟ್ಟರೆ ಹೇಳಿಕೊಳ್ಳುವಂಥ ಚಾಲುಕ್ಯ ನಿರ್ಮಾಣ ಕಾಣುವುದಿಲ್ಲ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಹಂಪಿಯ ಅಳತೆಗೋಲು ಇಲ್ಲಿಗೆ ಹೊಂದುವುದಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಅತಿ ಸುಂದರ ಗುಡಿಗಳು ರಾಜಧಾನಿಯಲ್ಲಿ ಇರಲೇ ಇಲ್ಲವೆಂದರೂ ಸಲ್ಲುತ್ತದೆ. ಲಕ್ಕುಂಡಿ, ಡಂಬಳ, ಗದಗ, ಇಟಗಿಯಲ್ಲಿವೆ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ರಾಜನಲ್ಲ, ಮಹಾದೇವನೆಂಬ ದಂಡನಾಯಕ. ದಾನ ಕೊಡುವವರು ತಂತಮ್ಮ ಸೀಮೆಯಲ್ಲಿ ಕಟ್ಟಿಸುತ್ತಿದ್ದರು. ಅರಸು ನೆಲೆವೀಡಿನಿಂದ ನೆಲೆವೀಡಿಗೆ ದಂಡಿನ ಸಮೇತ ತಿರುಗುತ್ತಿದ್ದ. ಅರಮನೆಗಳಿಗೆ ಮರ, ಇಟ್ಟಿಗೆ, ಮಣ್ಣೇ ಹೆಚ್ಚು. ಸುಮಾರು ಒಂದೂವರೆ ಶತಮಾನ ರಾಷ್ಟ್ರಕೂಟರ ವೈಭವ ಕಂಡ ಮಳಖೇಡದಲ್ಲೇ ಇಂದು ನೆಲದ ಮೇಲೆ ಉಳಿದದ್ದು ಇನ್ನೂ ಕಡಿಮೆ. ಹಾಗೆಂದು ರಾಷ್ಟ್ರಕೂಟರ ರಾಜಧಾನಿಯನ್ನು ಯಾರೂ ಕಟ್ಟುಕತೆ ಎನ್ನುವುದಿಲ್ಲ. ಅದಲ್ಲದೆ ಕಲ್ಯಾಣದ ಕೋಟೆ ಬಹಮನಿಗಳಿಂದ ನಿಜಾಮರವರೆಗೆ ಕೈಬದಲಾಗುತ್ತಲೇ ಹೋಯಿತು. ಬಂದವರೆಲ್ಲ ಕೈಗೆಟಕಿದ ಕಲ್ಲನ್ನು ಗೋಡೆಗೆ ಹಾಕಿದರು. ಗುಡಿ ಹಾಳಾದದ್ದಷ್ಟೇ ಇತಿಹಾಸವೆನ್ನುವವರು ಅಲ್ಲೇ ಸಿಕ್ಕ 1326ರ ಸಂಸ್ಕೃತ ಶಾಸನವನ್ನೂ ಓದಬೇಕು. ಗಲಭೆಯಲ್ಲಿ ಕೆಟ್ಟ ಮಧುಕೇಶ್ವರ ಗುಡಿಯನ್ನು ಸರಿಪಡಿಸಿ ಪೂಜೆ ಮತ್ತೆ ನಡೆಸಲು ಮುಹಮ್ಮದ್ ಬಿನ್ ತುಘಲಕನ ಅಧಿಕಾರಿಗಳು ಅನುಮತಿ ಕೊಟ್ಟದ್ದನ್ನು ಅದು ದಾಖಲಿಸುತ್ತದೆ.

ರಾಜರ ಕಲ್ಯಾಣ ಇತ್ತೆಂಬುದರಲ್ಲಿ ಹಾಗಾಗಿ ದೊಡ್ಡ ತಕರಾರಿಲ್ಲ. ಕಷ್ಟವಿರುವುದು ಶರಣರ ಕಲ್ಯಾಣದಲ್ಲಿ. ಬಸವಣ್ಣನ ಕತೆಯನ್ನು ಕನ್ನಡದಲ್ಲಿ ಮೊದಲು ವಿಸ್ತಾರವಾಗಿ ಹೇಳಿದವನು ಹಂಪಿಯ ಹರಿಹರ, ‘ಬಸವರಾಜದೇವರ ರಗಳೆ’ಯಲ್ಲಿ. ಅವನ ಬಸವಣ್ಣ ಕೂಡಲಸಂಗಮದಿಂದ ಹೊರಟು ಸೇರುವುದು ಮಂಗಳವಾಡವನ್ನು, ಅಂದರೆ ಈಗ ಮಹಾರಾಷ್ಟ್ರದಲ್ಲಿರುವ ಮಂಗಳವೇಢೆಯನ್ನು. ಕಲಚುರಿ ಅರಸ ಬಿಜ್ಜಳ ಇರುವುದೂ ಅಲ್ಲೇ. ಹತ್ತಿರದ ಕಾಲದ ಕವಿಯೇ ಹೀಗೆ ಹೇಳಿದ ಮೇಲೆ ಕಲ್ಯಾಣ ಹಿಂದಿನಿಂದ ಅಂಟಿಸಿದ ಹೆಸರಲ್ಲವೇ ಎಂದು ಕೇಳುವವರಿದ್ದಾರೆ. ಬಿಜ್ಜಳನ ಏಳಿಗೆಯ ಕ್ರಮ ನೋಡಿದರೆ ಇದಕ್ಕೆ ಉತ್ತರವಿದೆ. ಕಲಚುರಿ ಮನೆತನದ ಸೀಮೆ ಮಂಗಳವಾಡದ್ದು. ಬಿಜ್ಜಳ ಅಲ್ಲಿ ಚಾಲುಕ್ಯರ ಮಹಾಮಂಡಳೇಶ್ವರನಾಗಿದ್ದ. 1157ರಿಂದಾಚೆಗೆ ಅವನ ಕೈ ಮೇಲಾಗುತ್ತ ಹೋಗಿ, 1162ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನೇ ಧರಿಸಿದ. ಚಾಲುಕ್ಯರ ಗಾದಿ ಹಿಡಿದವನಿಗೆ ಕಲ್ಯಾಣ ಬಿಟ್ಟರೆ ಗತಿಯಿಲ್ಲ, ಏಕೆಂದರೆ ಆ ಊರಿನ ಹೆಸರೇ ಸಾಮ್ರಾಜ್ಯದ ಮುದ್ರೆಯಾಗಿತ್ತು. ಬಸವಣ್ಣನ ಬದುಕಿನ ಮೊದಲ ಭಾಗ ಮಂಗಳವಾಡದಲ್ಲಿ, ಕೊನೆಯ ಕೆಲವು ವರ್ಷ ಕಲ್ಯಾಣದಲ್ಲಿ ಕಳೆದಿರಬೇಕು. ಎರಡು ಊರುಗಳ ಹೆಸರೂ ಪರಂಪರೆಯಲ್ಲಿ ಉಳಿದದ್ದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ತೋರುವುದಿಲ್ಲ. ಹಾಗಾದರೆ ಶರಣರ ಕಲ್ಯಾಣ ಬಹಳ ಚಿಕ್ಕ ಅವಧಿಯದು, ಹೆಚ್ಚೆಂದರೆ ಹತ್ತು ವರ್ಷದ್ದು. ಇದನ್ನು ಒಪ್ಪಿಕೊಳ್ಳಲು ಭಕ್ತರಿಗೆ ಇರುಸುಮುರುಸಾಗಬಾರದು.

ಶಾಸನಗಳ ಮೌನವನ್ನು ಮುಂದಿಟ್ಟು ಶಾಸನತಜ್ಞ ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇನ್ನೂ ಮುಂದೆ ಹೋಗಿದ್ದ. ಬಿಜ್ಜಳನ ಕಾಲದ ಅಷ್ಟೊಂದು ಶಾಸನಗಳಲ್ಲಿ ಬಸವನ ಸುಳಿವಿಲ್ಲ. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ 1200ರ ಸುಮಾರಿಗೆ ಕೆತ್ತಿದ ದೀರ್ಘ ಶಾಸನವಾದರೋ ಏಕಾಂತದ ರಾಮಯ್ಯನನ್ನು ಕೊಂಡಾಡುತ್ತದೆ. ಆದ್ದರಿಂದ ವೀರಶೈವದ ಉತ್ಥಾನಕ್ಕೆ ಕಾರಣನಾದವನು ರಾಮಯ್ಯನೇ ಎಂಬುದು ಫ್ಲೀಟನ ವಾದ. ಬಸವಣ್ಣನ ಚಾರಿತ್ರಿಕತೆಯ ಮಟ್ಟಿಗೆ ಈ ವಾದಕ್ಕೆ ಉತ್ತರ ಕೊಟ್ಟದ್ದು ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ. 1260ರಲ್ಲಿ, ಸೇವುಣ ಕನ್ನರನ ಆಳ್ವಿಕೆಯಲ್ಲಿ ಹುಟ್ಟಿದ ಈ ದಾನಶಾಸನ ಬಾಗೇವಾಡಿಯ ಮಾದಿರಾಜನ ಮಗ ಸಂಗನಬಸವನನ್ನು ಹೆಸರಿಸುತ್ತದೆ. ಪುರಾಣ ಹೇಳುವ ಊರು, ತಂದೆಯ ಹೆಸರು ಎರಡೂ ಕಲ್ಲಿನಲ್ಲಿ ತಾಳೆಯಾದವು. ಅಬ್ಬಲೂರನ್ನು ಮಾತ್ರ ಮರೆಯುವಂತಿಲ್ಲ. ಜೈನರೊಡನೆ ಪಂಥ ಕಟ್ಟಿ ತಲೆಯನ್ನೇ ಅರಿದುಕೊಂಡು ಮತ್ತೆ ಪಡೆದನೆಂಬ ರಾಮಯ್ಯನಿಗೆ ಸ್ವತಃ ಬಿಜ್ಜಳನೇ ಜಯಪತ್ರವನ್ನೂ ದತ್ತಿಯನ್ನೂ ಕೊಟ್ಟನೆಂದು ಆ ಶಾಸನ ಹೇಳುತ್ತದೆ. ಪುರಾಣಗಳ ಶಿವದ್ರೋಹಿ ಬಿಜ್ಜಳ ಇಲ್ಲಿ ಕಾಣುವುದಿಲ್ಲ. ನಮಗೆ ಬೇಕಾದ ಶಾಸನವನ್ನು ಹಿಡಿದು ಬೇಡವಾದುದನ್ನು ಬಿಡುವಂತಿಲ್ಲವಲ್ಲ.

ಅನುಭವ ಮಂಟಪದ ಚರ್ಚೆ ಬಂದಾಗಲಂತೂ ಎರಡೂ ಕಡೆಯವರ ದನಿ ಏರುತ್ತದೆ. ಅಲ್ಲಮಪ್ರಭು ಶೂನ್ಯಸಿಂಹಾಸನದ ಮೇಲೆ, ಸುತ್ತ 770 ಅಮರಗಣಂಗಳು, ಒಬ್ಬೊಬ್ಬರೇ ಬಂದು ಪ್ರಶ್ನೆಗೆ ಉತ್ತರ ಕೊಡುವುದು, ಈ ಇಡೀ ದೃಶ್ಯ ನಮಗೆ ಬಂದಿರುವುದು ‘ಶೂನ್ಯಸಂಪಾದನೆ’ಗಳಿಂದ. ಮೊದಲನೆಯದನ್ನು ಸಂಪಾದಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ, ಹದಿನೈದನೆಯ ಶತಮಾನದಲ್ಲಿ. ವಿಜಯನಗರದಲ್ಲಿ ಪ್ರೌಢದೇವರಾಯನೂ ಅವನ ದಂಡನಾಯಕ ಲಕ್ಕಣ್ಣನೂ ಶರಣಸಾಹಿತ್ಯಕ್ಕೆ ಬೆಂಬಲವಾಗಿ ನಿಂತ ಕಾಲ ಅದು. ಹರಿಹರನಲ್ಲಿ ಈ ಸಭೆಯ ಇಂಥ ಚಿತ್ರವಿಲ್ಲ. ಶರಣರ ಕಾಲದಿಂದ ಸುಮಾರು ಎರಡೂವರೆ ಶತಮಾನಗಳ ನಂತರ ವಚನಗಳನ್ನು ಕೂಡಿಸಿ ಸಂವಾದದ ರೂಪ ಕೊಡಬೇಕಾದಾಗ ಸಂಪಾದಕನಿಗೆ ಒಂದು ರಂಗ ಬೇಕಾಯಿತು. ಅವನ ಕಣ್ಣೆದುರು ಇದ್ದದ್ದು ರಾಯರ ಓಲಗ. ಸಿಂಹಾಸನ, ಸಭಾಮಂಟಪ, ಮಂತ್ರಿ, ಬಾಗಿಲಲ್ಲಿ ಪರೀಕ್ಷೆ, ಎಲ್ಲವೂ ಓಲಗದ ಪರಿಕರಗಳು. ಸಿಂಹಾಸನದ ಮೇಲೆ ರಾಜನಿಲ್ಲ, ಮದ್ದಳೆಯ ನಟುವನ ಮಗನಿದ್ದಾನೆ, ಸಭೆಯಲ್ಲಿ ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವ, ಸಮಗಾರ ಇದ್ದಾರೆ ಎಂಬುದೇ ಆ ಗ್ರಂಥದ ಪ್ರತಿಭೆ. ಬಿಲ್ಹಣ ಹೊಗಳಿದ ಅನುಪಮ ನಗರಿಯ ಚೌಕಟ್ಟು ಹಾಗೇ ಇದೆ, ಒಳಗಿನ ಚಿತ್ರ ತಲೆಕೆಳಗಾಗಿದೆ. ಇದನ್ನು ಪ್ರಜಾಪ್ರಭುತ್ವದ ಮೊದಲ ಸಂಸತ್ತು ಎನ್ನುವುದು ಇಂದಿನವರು ಹಾಕಿದ ಇನ್ನೊಂದು ಪದರ. ಚುನಾವಣೆ, ಮತದಾನ, ಶಾಸನ ಮಾಡುವ ಅಧಿಕಾರ ಯಾವುದನ್ನೂ ಶೂನ್ಯಸಂಪಾದನೆ ಹೇಳುವುದಿಲ್ಲ.

ಹಾಗಾದರೆ ಶರಣರ ಗೋಷ್ಠಿ ಪೂರ್ತಿ ಕಲ್ಪನೆಯೇ ಎಂದು ಕೇಳಿದರೆ, ಅಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ, ಮೆಚ್ಚುತ್ತಾರೆ, ಚುಚ್ಚುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಜವಾಬು ಕೊಡುತ್ತಾರೆ. ಬೇರೆ ಬೇರೆ ಕಸುಬಿನ, ಬೇರೆ ಬೇರೆ ಊರಿನ ಇಷ್ಟು ಜನರ ನಡುವೆ ಇಂಥ ಸಲುಗೆ ಒಂದೆಡೆ ಕಲೆಯದೆ ಹುಟ್ಟುವಂಥದಲ್ಲ. ಕೂಟ ನಿಜ, ಕಟ್ಟಡ ಕಾವ್ಯದ್ದು. ಸಂತರ ಸುತ್ತ ರಾಜಸಭೆಯಂಥದು ಕೂಡಿಬರುವುದು ಅಸಂಭವ ಎನ್ನುವವರಿಗೆ ಹುಮನಾಬಾದದ ಪಕ್ಕದ ಮಾಣಿಕನಗರವೇ ಉತ್ತರ. ಬಸವಕಲ್ಯಾಣ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಅಲ್ಲಿ ನೆಲೆ ನಿಂತು, 1865ರಲ್ಲಿ ಸಮಾಧಿಸ್ಥರಾಗುವುದರೊಳಗೆ ಗಾದಿ, ದರ್ಬಾರು, ಸಂಗೀತಗಾರರು, ಹಿಂದೂ ಮುಸ್ಲಿಂ ಭಕ್ತರು ಎಲ್ಲ ಕೂಡಿದ ಸಂಸ್ಥಾನವೊಂದು ಬೆಳೆದಿತ್ತು. ದತ್ತಜಯಂತಿಯ ದರ್ಬಾರು ಇಂದಿಗೂ ನಡೆಯುತ್ತದೆ. ವೀರಶೈವರು ಅವರಲ್ಲಿ ಬಸವಣ್ಣನನ್ನೇ ಕಂಡರಂತೆ. ಕೆಲವೇ ದಶಕಗಳಲ್ಲಿ ಒಬ್ಬ ಸಂತನ ಸುತ್ತ ಇಷ್ಟು ಬೆಳೆಯಬಹುದಾದರೆ ಬಸವಣ್ಣನ ಮಹಾಮನೆಯ ಸುತ್ತ ಗೋಷ್ಠಿ ಬೆಳೆದದ್ದರಲ್ಲಿ ಸೋಜಿಗವಿಲ್ಲ. ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಎಂಬ ಲೆಕ್ಕವನ್ನು ಮಾತ್ರ ಭಕ್ತಿಯ ಲೆಕ್ಕವೆಂದೇ ಹಿಡಿಯಬೇಕು.

ಕಲ್ಯಾಣದ ಕೊನೆಯ ಕತೆಯೂ ಹೀಗೇ ಪದರ ಪದರವಾಗಿ ಬೆಳೆದಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳ ಇಬ್ಬರು ಶರಣರ ಕಣ್ಣು ಕೀಳಿಸುತ್ತಾನೆ, ಜಗದೇವ ಅವನನ್ನು ಕೊಲ್ಲುತ್ತಾನೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯೇ ಎಲ್ಲಕ್ಕೂ ಕಾರಣವೆಂಬುದು ನಂತರದ ಪುರಾಣಗಳಲ್ಲಿ ಮುಂದಕ್ಕೆ ಬರುತ್ತದೆ. ಕಾರ್ನಾಡರ ‘ತಲೆದಂಡ’ ನಾಟಕದ ಮೂಲಕ ಇಂದು ಎಲ್ಲರ ಮನಸ್ಸಿನಲ್ಲಿ ನಿಂತಿರುವುದೂ ಅದೇ. ಶಾಸನಗಳು ಹೇಳುವುದು ಇಷ್ಟು: 1167–68ರಲ್ಲಿ ಬಿಜ್ಜಳನ ಆಳ್ವಿಕೆ ಮುಗಿದು ಮಗ ಸೋವಿದೇವ ಪಟ್ಟಕ್ಕೆ ಬಂದ, ಹದಿನೈದು ವರ್ಷಗಳಲ್ಲಿ ಕಲಚುರಿಗಳೇ ಮುಗಿದರು, ನಾಲ್ಕನೆಯ ಸೋಮೇಶ್ವರ ಗಾದಿಯನ್ನು ಮರಳಿ ಪಡೆದರೂ ಸೇವುಣರಿಂದಲೂ ಹೊಯ್ಸಳರಿಂದಲೂ 1190ರ ಹೊತ್ತಿಗೆ ಅದನ್ನು ಕಳೆದುಕೊಂಡ. ಆಮೇಲೆ ಯಾವ ದೊಡ್ಡ ವಂಶವೂ ಕಲ್ಯಾಣವನ್ನು ರಾಜಧಾನಿ ಮಾಡಿಕೊಳ್ಳಲಿಲ್ಲ. ದಂತಕತೆ ಹೀಗೆ ಕೊಬ್ಬಿ ಬೆಳೆಯಲು ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ: ಹಳೆಯ ಹೆಸರನ್ನು ಅಳಿಸಿ ತನ್ನ ಹೆಸರು ಬರೆಯುವ ಹೊಸ ಅರಸು ಅಲ್ಲಿ ಕೂರಲಿಲ್ಲ. ಚಾಲುಕ್ಯರ ವಾರಸು ತಮ್ಮದೆನ್ನುತ್ತಿದ್ದ ಅರವೀಡು ವಂಶದ ಅಳಿಯ ರಾಮರಾಯ ಹದಿನಾರನೆಯ ಶತಮಾನದಲ್ಲಿ ಈ ಕೋಟೆಯ ಕಾಳಗಗಳಲ್ಲಿ ತಲೆ ಹಾಕಿದ್ದಕ್ಕೆ ಆ ಹೆಸರಿನ ಸೆಳೆತವೂ ಸೇರಿತ್ತು. 1657ರಲ್ಲಿ ಔರಂಗಜೇಬ ಗೆದ್ದ. ಆಮೇಲೆ ನಿಜಾಮರ ಅಡಿಯಲ್ಲಿ ಕಲ್ಯಾಣಿಯ ನವಾಬರು ಬಂದರು. ಹೈದರಾಬಾದಿನ ಹೋಟೆಲುಗಳಲ್ಲಿ ಆ ಊರಿನ ಹೆಸರು ಈಗಲೂ ಬಿರಿಯಾನಿಯ ಹೆಸರಾಗಿ ಉಳಿದಿದೆ. 1956ರಲ್ಲಿ ಬೀದರ ಕರ್ನಾಟಕಕ್ಕೆ ಸೇರಿದ ಮೇಲೆ ಕಲ್ಯಾಣಿ ಬಸವಕಲ್ಯಾಣವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೇ ಕಲ್ಯಾಣ ಕರ್ನಾಟಕವಾಯಿತು.

ಊರಿನೊಳಗಿನ ಗುರುತುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಪರುಷಕಟ್ಟೆ, ತ್ರಿಪುರಾಂತಕ ಕೆರೆ, ಮಡಿವಾಳ ಮಾಚಯ್ಯನ ಹೊಂಡ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಹರಳಯ್ಯನ ಗವಿ. ಇವುಗಳಲ್ಲಿ ಒಂದನ್ನಾದರೂ ಹನ್ನೆರಡನೆಯ ಶತಮಾನದ ಶಾಸನ ಹಿಡಿದು ಇಂಥವರದೇ ಎಂದು ಸಾಧಿಸುವುದು ಕಷ್ಟ. ಆದರೆ ಚಕ್ರವರ್ತಿಗಳ ಊರಿನಲ್ಲಿ ಜನ ನೆನಪಿಟ್ಟಿರುವ ಜಾಗಗಳು ಬಟ್ಟೆ ಒಗೆಯುವವನ, ಹಗ್ಗ ಹೊಸೆಯುವವನ, ಚಪ್ಪಲಿ ಹೊಲಿಯುವವನ ಹೆಸರಿನಲ್ಲಿವೆ. ವಿಕ್ರಮಾದಿತ್ಯನ ಹೆಸರಿನಲ್ಲಿ ಇಂಥ ಒಂದು ಹೊಂಡವೂ ಇಲ್ಲ. ಇದು ಶರಣರ ಇತಿಹಾಸಕ್ಕೆ ಪುರಾವೆಯಲ್ಲದಿರಬಹುದು, ಅವರ ಪ್ರಭಾವಕ್ಕೆ ಪುರಾವೆ ಹೌದು. ಮೂಲ ಅನುಭವ ಮಂಟಪ ಇದ್ದದ್ದು ಪೀರಪಾಶಾ ಬಂಗಲೆಯಲ್ಲೇ ಎಂಬ ವಾದ ಕೆಲವು ವರ್ಷಗಳಿಂದ ಜೋರಾಗಿದೆ. ಗ್ರಂಥದ ಮಂಟಪವನ್ನು ಊರಿನ ಒಂದು ಗೋಡೆಗೆ ಕಟ್ಟಿಹಾಕುವ ಈ ಯತ್ನಕ್ಕೆ ಸ್ಥಾವರ ಜಂಗಮದ ಮಾತು ತೆಗೆದು ಉತ್ತರ ಕೊಡುವುದು ವಾಡಿಕೆ. ಅಷ್ಟು ದೂರ ಹೋಗಬೇಕಾಗಿಲ್ಲ. ಹದಿನೈದನೆಯ ಶತಮಾನದ ಗ್ರಂಥದ ರಂಗಸಜ್ಜಿಕೆಯನ್ನು ಹನ್ನೆರಡನೆಯ ಶತಮಾನದ ನಕ್ಷೆಯೆಂದು ಓದುವುದೇ ತಪ್ಪು. ಅದರ ಮೇಲೆ ನಿಂತ ಹಕ್ಕುದಾರಿಕೆಗೆ, ಯಾರದೇ ಆಗಲಿ, ಬುನಾದಿಯಿಲ್ಲ. ಸರ್ಕಾರ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಹೊಸ ಅನುಭವ ಮಂಟಪ ತಾನು ಹೊಸದೆಂದು ಒಪ್ಪಿಕೊಂಡೇ ನಿಲ್ಲುವುದರಿಂದ ಅದರ ಬಗ್ಗೆ ನನಗೆ ತಕರಾರಿಲ್ಲ.

ಉಳಿದ ಪ್ರಶ್ನೆಗಳನ್ನು ತೀರಿಸಬೇಕಾದದ್ದು ನೆಲ ಮತ್ತು ಕಲ್ಲು. ಆದರೆ ಆ ನೆಲದಲ್ಲೇ ಹೆದ್ದಾರಿ ಅಗಲವಾಗುತ್ತಿದೆ, ಸಸ್ತಾಪುರ ಬಂಗ್ಲಾದಿಂದ ಊರಿನವರೆಗೆ ಮನೆಗಳು ಏಳುತ್ತಿವೆ, ಹಳ್ಳಿಯ ಗುಡಿಗಳ ಜೀರ್ಣೋದ್ಧಾರದಲ್ಲಿ ಹಳೆಯ ಕಲ್ಲುಗಳಿಗೆ ಎಣ್ಣೆಬಣ್ಣ ಬೀಳುತ್ತಿದೆ. ಹುಮನಾಬಾದ, ಬಸವಕಲ್ಯಾಣ ತಾಲೂಕುಗಳಲ್ಲಿ ಪಾಯ ತೋಡುವಾಗ ಅಕ್ಷರವಿರುವ ಕಲ್ಲು ಕಂಡವರು ಅದನ್ನು ಹೊಸ್ತಿಲಿಗೋ ಕಟ್ಟೆಗೋ ಹಾಕುವ ಮೊದಲು ಒಂದು ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.